ಬೆಲ್ಟಿಗೆ ಎರಡು ಲೀಟರ್ ಎಣ್ಣೆ

ಅಲ್ ರಯ್ಯಾನ್, ಕತಾರ್
12 ಅಕ್ಟೋಬರ್ 1995

ಮಾನ್ಯ ಶ್ರೀ ಕಾಸ್ಮಿರ್ ಡಿಸೋಜ ಅವರಿಗೆ ನಮಸ್ಕಾರಗಳು.

ಈ ಕಾಗದ ನೋಡಿ ನಿಮಗೆ ಸಂತೋಷವಾಗಲಿಕ್ಕಿಲ್ಲ ಎಂದು ತಿಳಿದೇ ಬರೆಯುತ್ತಿದ್ದೇನೆ. ನಾನು ಯಜ್ಞೇಶ. ಎರಡು ವರ್ಷಗಳ ಹಿಂದೆ ನಿಮ್ಮ ಮಗಳು ಮ್ಯಾಗ್ಡಲಿನ್‌ಳನ್ನು ರಿಜಿಸ್ಟ್ರಾರ್ ಕಚೇರಿಯಲ್ಲಿ ಮದುವೆಯಾದವನು. ಅಂದು ನೀವು ಬಂದಿರಲಿಲ್ಲ. ಆ ವಿಷಯ ಎತ್ತಲು ಈ ಕಾಗದವಲ್ಲ. ಒಂದು ನಾಯಿಯ ಬಗ್ಗೆ ನಿಮ್ಮ ಸಲಹೆ ಬೇಕಾಗಿದೆ. ಜಿಲ್ಲಾ ಪೊಲೀಸ್ ಶ್ವಾನದಳದಲ್ಲಿ ಸರ್ವೀಸಿನುದ್ದಕ್ಕೂ ನಾಯಿಗಳನ್ನು ಪಳಗಿಸಿದವರು ನೀವು. ನನಗೆ ಕೇಳಲು ಬೇರೆ ಯಾರೂ ಇಲ್ಲ.

ನಾವಿಬ್ಬರೂ ಕೆಲಸ ಮಾಡುವುದು ಒಂದೇ ಮನೆಯಲ್ಲಿ. ಯಜಮಾನರ ಹೆಸರು ಅಬು ನಾಸರ್. ಅವರ ವೃದ್ಧ ತಂದೆಯನ್ನು ನೋಡಿಕೊಳ್ಳುವ ನರ್ಸ್ ಮ್ಯಾಗಿ. ತೋಟದ ಆಡು, ಗಿಡುಗ, ನಾಯಿಗಳ ಉಸ್ತುವಾರಿ ನನ್ನದು. ಊರಿನ ಪಶು ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದ ಅನುಭವದ ಮೇಲೆ ಈ ಕೆಲಸ ಸಿಕ್ಕಿತು. ತೋಟದ ಹಿಂದೆ ನಮಗೊಂದು ಕೋಣೆ ಕೊಟ್ಟಿದ್ದಾರೆ.

ಯಜಮಾನರು ಇಂಗ್ಲೆಂಡಿನಿಂದ ಒಂದು ಕಪ್ಪು ಲ್ಯಾಬ್ರಡಾರ್ ತರಿಸಿದ್ದಾರೆ. ಹೆಣ್ಣು. ಬಣ್ಣ ನೋಡಿ ಸಮ್ರಾ, ಅಂದರೆ ಕಪ್ಪು ಮೈಬಣ್ಣದವಳು, ಎಂದು ಹೆಸರಿಟ್ಟಿದ್ದಾರೆ. ಚಳಿಗಾಲದಲ್ಲಿ ಕೋವಿ ಹಿಡಿದು ಹಕ್ಕಿ ಬೇಟೆಗೆ ಹೋಗುವಾಗ, ಬಿದ್ದ ಹಕ್ಕಿಯನ್ನು ಹುಡುಕಿ ತಂದು ಕೈಗೆ ಕೊಡುವುದು ಅದರ ಕೆಲಸ. ಅದನ್ನು ಅದು ಚೆನ್ನಾಗಿಯೇ ಮಾಡುತ್ತದೆ. ಗುಂಡಿನ ಸದ್ದಿಗೆ ಕದಲುವುದಿಲ್ಲ. ತಂದ ಹಕ್ಕಿಯ ಮೇಲೆ ಹಲ್ಲಿನ ಗುರುತು ಇರುವುದಿಲ್ಲ.

ಕಳೆದ ತಿಂಗಳು ಯಜಮಾನರ ತಂದೆ ಒಂದು ಮಧ್ಯಾಹ್ನ ಗೇಟು ದಾಟಿ ಮರಳುಗಾಡಿನ ಕಡೆ ನಡೆದುಬಿಟ್ಟರು. ಅವರಿಗೆ ಈಗ ಮರೆವು ಜಾಸ್ತಿ. ನೀರಿನ ಟ್ಯಾಂಕರಿನ ಚಾಲಕನೊಬ್ಬ ಕಂಡು ಕರೆತಂದದ್ದರಿಂದ ಉಳಿದರು. ಆ ಸಂಜೆ ಯಜಮಾನರು ನನ್ನನ್ನು ಕರೆದು, ಈ ನಾಯಿಗೆ ಮನುಷ್ಯರನ್ನು ಹುಡುಕುವುದನ್ನೂ ಕಲಿಸು, ಬೇಟೆಯ ಕಾಲ ಮುಗಿಯುವುದರೊಳಗೆ ಆಗಬೇಕು, ಆಗದಿದ್ದರೆ ಇಂಗ್ಲೆಂಡಿನಿಂದ ಬೇರೆ ನಾಯಿಯನ್ನೂ ಅದರ ತರಬೇತುದಾರನನ್ನೂ ತರಿಸುತ್ತೇನೆ ಎಂದರು. ಹಾಗಾದರೆ ನನ್ನ ವೀಸಾ ಮುಗಿಯುತ್ತದೆ. ಮ್ಯಾಗಿಯದು ಮುಗಿಯುವುದಿಲ್ಲ. ಹಿರಿಯರಿಗೆ ಅವಳಿಲ್ಲದೆ ಆಗುವುದಿಲ್ಲ.

ಮೊದಲ ಪ್ರಯತ್ನ ಮಾಡಿದೆ. ಅಡುಗೆಯ ಅಬ್ದುಲ್ ಲತೀಫರನ್ನು (ಉಳ್ಳಾಲದವರು) ಖರ್ಜೂರದ ಗರಿಗಳ ರಾಶಿಯ ಹಿಂದೆ ಅಡಗಿಸಿ ಸಮ್ರಾಳನ್ನು ಬಿಟ್ಟೆ. ಹುಡುಕಿತು. ಆದರೆ ಅವರ ಲುಂಗಿಯ ಅಂಚು ಹಿಡಿದು, ಹಕ್ಕಿಯನ್ನು ಹಿಡಿದಷ್ಟೇ ಮೃದುವಾಗಿ, ಅವರನ್ನು ನನ್ನ ಹತ್ತಿರ ತರಲು ಎಳೆಯತೊಡಗಿತು. ಲತೀಫರು ಒಂದು ಕೈಯಲ್ಲಿ ಲುಂಗಿ, ಇನ್ನೊಂದು ಕೈಯಲ್ಲಿ ಗರಿ ಹಿಡಿದು ನಿಂತಿದ್ದರು. ಒಂದೇ ನಾಯಿಗೆ ಈ ಎರಡು ಕೆಲಸ ಕಲಿಸಲು ಸಾಧ್ಯವೇ?

ವಿನಯಪೂರ್ವಕ,
ಯಜ್ಞೇಶ

*

ಮಂಗಳೂರು
2 ನವೆಂಬರ್ 1995

ಶ್ರೀ ಯಜ್ಞೇಶ ಅವರಿಗೆ,

ಕಾಗದ ತಲುಪಿತು. ಪ್ರಶ್ನೆ ನಾಯಿಯದ್ದಾದ್ದರಿಂದ ಉತ್ತರಿಸುತ್ತಿದ್ದೇನೆ.

ಸಾಧ್ಯವಿದೆ. ಆದರೆ ಎರಡೂ ಕೆಲಸದ ಸ್ವಭಾವ ಬೇರೆ ಎಂಬುದನ್ನು ಮೊದಲು ನೀವು ತಿಳಿಯಬೇಕು. ಹಕ್ಕಿಯ ಕೆಲಸದಲ್ಲಿ ನಾಯಿ ನಿಮ್ಮ ಮಾತು ಕೇಳಬೇಕು. ಮನುಷ್ಯನನ್ನು ಹುಡುಕುವಾಗ ನೀವು ನಾಯಿಯ ಮಾತು ಕೇಳಬೇಕು. ಅದು ದೂರ ಹೋಗಲಿ, ತಾನೇ ತೀರ್ಮಾನಿಸಲಿ. ಹಿಂದಿನಿಂದ ಕೂಗುತ್ತ ಇರಬೇಡಿ.

ಈಗ ಯಾವ ಕೆಲಸ ಎಂಬುದು ನಾಯಿಗೆ ಗೊತ್ತಾಗಬೇಕು. ಹಕ್ಕಿಗೆ ಹೋಗುವಾಗ ಈಗಿರುವ ಪಟ್ಟಿ ಮತ್ತು ಸೀಟಿ. ಮನುಷ್ಯನಿಗೆ ಹೋಗುವಾಗ ಗಂಟೆ ಕಟ್ಟಿದ ಬೇರೆ ಬೆಲ್ಟ್, ಸೀಟಿ ಇಲ್ಲ. ಒಂದೇ ದಿನ ಎರಡನ್ನೂ ಮಾಡಿಸಬೇಡಿ. ಮನುಷ್ಯ ಸಿಕ್ಕಿದರೆ ಬಾಯಿ ಹಾಕಬಾರದು, ಒಂದು ಮಾರು ದೂರ ಕೂತು ಬೊಗಳಬೇಕು. ಬೊಗಳಿದ ಕೂಡಲೇ ಅಡಗಿದವರೇ ತಿನ್ನಲು ಕೊಡಲಿ, ನೀವಲ್ಲ. ಎರಡು ಕೆಲಸಗಳನ್ನು ಎಂದಿಗೂ ಬೆರೆಸಬಾರದು. ಇದು ಮುಖ್ಯ.

ಬೆಲ್ಟ್ ಇಲ್ಲೇ ಚಮ್ಮಾರರಲ್ಲಿ ಹೊಲಿಸಿದ್ದೇನೆ. ಬಿಜೈಯ ಇಗ್ನೇಶಿಯಸ್ ಬೊಂಬಾಯಿ ಮೂಲಕ ದೋಹಾಕ್ಕೆ ಹೊರಟಿದ್ದಾನೆ, ತಂದುಕೊಡುತ್ತಾನೆ. ಪೊಟ್ಟಣದಲ್ಲಿ ಎರಡು ಲೀಟರ್ ತೆಂಗಿನೆಣ್ಣೆಯೂ ಇದೆ. ಅಲ್ಲಿಯ ಒಣ ಹವೆಗೆ ಚರ್ಮ ಬಿರಿಯುತ್ತದೆ, ಬೆಲ್ಟಿಗೆ ಹಚ್ಚುತ್ತಿರಬೇಕು.

ಇತಿ,
ಕಾಸ್ಮಿರ್ ಡಿಸೋಜ
ಹೆಡ್ ಕಾನ್‌ಸ್ಟೆಬಲ್ (ನಿವೃತ್ತ)

*

ಅಲ್ ರಯ್ಯಾನ್
8 ಡಿಸೆಂಬರ್ 1995

ಮಾನ್ಯರೇ,

ಪೊಟ್ಟಣ ಸಿಕ್ಕಿತು. ಇಗ್ನೇಶಿಯಸ್ ಅದನ್ನು ತಮ್ಮ ಅಂಗಿಗಳ ನಡುವೆ ಇಟ್ಟು ತಂದಿದ್ದರು. ಅಂಗಿಗಳಿಂದೆಲ್ಲ ಈಗ ತೆಂಗಿನೆಣ್ಣೆ ವಾಸನೆ ಬರುತ್ತಿದೆ ಎಂದು ಹೇಳಿ ಹೋದರು.

ಬೆಲ್ಟ್ ನೋಡಿ ಮ್ಯಾಗಿ, "ಈ ಒಂದು ಮೊಳದ ಬೆಲ್ಟಿಗೆ ಎರಡು ಲೀಟರ್ ಎಣ್ಣೆ ಯಾಕೆ?" ಎಂದು ಕೇಳಿದಳು. ನನಗೇನು ಗೊತ್ತು ಎಂದೆ. ಮುಚ್ಚಳ ತೆಗೆದು ಮೂಸಿದಳು. ಬಾಟಲಿಯನ್ನು ನಾಯಿಯ ಸಾಮಾನಿನ ಜೊತೆ ಇಡದೆ ಕೋಣೆಯ ಒಳಗೆ ಇಟ್ಟಿದ್ದಾಳೆ. ಬೆಲ್ಟಿಗೆ ಬೇಕಾದಾಗ ಅವಳನ್ನು ಕೇಳಿ ತೆಗೆದುಕೊಳ್ಳುತ್ತೇನೆ.

ನೀವು ಹೇಳಿದಂತೆ ನಡೆಸುತ್ತಿದ್ದೇನೆ. ಶುಕ್ರವಾರ ರಜೆಯಾದ್ದರಿಂದ ದೋಹಾದ ನಜ್ಮಾ ಬಡಾವಣೆಯ ಕೋಣೆಗಳಲ್ಲಿರುವ ನಮ್ಮ ಊರಿನ ಹುಡುಗರು ಬರುತ್ತಾರೆ. ಲತೀಫರ ಬಿರಿಯಾನಿಯ ಆಸೆಗೆ ಬಂದು ಮರಳ ದಿಬ್ಬದ ಹಿಂದೆ, ಒಡೆದ ಟ್ಯಾಂಕಿನೊಳಗೆ ಅಡಗಿ ಕೂರುತ್ತಾರೆ. ಮ್ಯಾಗಿಯೂ ಅಡಗುತ್ತಾಳೆ. ಸಮ್ರಾ ಅವಳನ್ನು ಎಲ್ಲರಿಗಿಂತ ಬೇಗ ಹುಡುಕುತ್ತದೆ.

ಬಾಯಿ ಹಾಕುವುದನ್ನು ಬಿಡಿಸಿದ್ದು ಲತೀಫರು. ನಾಯಿಯ ಎಂಜಲು ತಾಗಿದರೆ ಅವರ ಪದ್ಧತಿಯಲ್ಲಿ ಏಳು ಸಲ ತೊಳೆಯಬೇಕು, ಅದರಲ್ಲಿ ಒಂದು ಸಲ ಮಣ್ಣು ಹಾಕಿ. ಲುಂಗಿಯ ಘಟನೆಯ ನಂತರ ಅವರು ಕೊಡೆ ಬಿಡಿಸಿ ಮುಂದೆ ಹಿಡಿದುಕೊಂಡೇ ಅಡಗುವುದು. "ನೋಡು ಮಗಳೇ, ನೀನು ಅಲ್ಲಿ, ನಾನು ಇಲ್ಲಿ. ಬೊಗಳು, ಮಾಂಸ ತಗೋ. ಮೂಗು ಮಾತ್ರ ತಾಗಿಸ್ಬೇಡ, ಈ ಚಳಿಯಲ್ಲಿ ನಂಗೆ ಏಳು ಸಲ ತೊಳೀಲಿಕ್ಕೆ ಆಗೂದಿಲ್ಲ" ಎಂದು ಕೊಡೆಯ ಹಿಂದಿನಿಂದ ಹೇಳುತ್ತಾರೆ. ಈಗ ಸಮ್ರಾ ಕೊಡೆಯಿದ್ದರೂ ಇಲ್ಲದಿದ್ದರೂ ಸರಿಯಾಗಿ ಒಂದು ಮಾರು ದೂರ ಕೂರುತ್ತದೆ. ಹಿರಿಯ ಯಜಮಾನರೂ ಮಡಿವಂತರೇ ಆದ್ದರಿಂದ ಇದು ಒಳ್ಳೆಯದೇ ಆಯಿತು. ಅವರನ್ನು ಮನೆಯ ಕೆಲಸದವರೆಲ್ಲ ಬಾಬಾ ಕಬೀರ್ ಎನ್ನುತ್ತಾರೆ, ದೊಡ್ಡ ಅಪ್ಪ ಎಂದು ಅರ್ಥ.

ಹಕ್ಕಿಯ ಕೆಲಸವೂ ಕೆಟ್ಟಿಲ್ಲ. ಮುಂದಿನ ತಿಂಗಳು ಯಜಮಾನರು ಪರೀಕ್ಷೆ ನೋಡುತ್ತಾರೆ. ನನಗೆ ಧೈರ್ಯವಿದೆ.

ನಿಮಗೂ ಅಮ್ಮನಿಗೂ ಕ್ರಿಸ್‌ಮಸ್ ಶುಭಾಶಯಗಳು. ಇದನ್ನು ಮ್ಯಾಗಿ ಬರೆಯಲು ಹೇಳಿಲ್ಲ. ಆದರೆ ಇಲ್ಲಿಗೆ ಬಂದಾಗ ಕಾಗದದ ಮೇಲೆ ಬಗ್ಗಿ ನೋಡಿದಳು.

ಯಜ್ಞೇಶ

*

ಅಲ್ ರಯ್ಯಾನ್
18 ಜನವರಿ 1996

ಮಾನ್ಯರೇ,

ಪರೀಕ್ಷೆ ಕೆಟ್ಟಿತು.

ಯಜಮಾನರ ತಮ್ಮ ತೋಟದ ಆಚೆಯ ತಗ್ಗಿನಲ್ಲಿ ಒಂದು ಪೊದೆಯ ಹಿಂದೆ ಮಲಗಿದ್ದರು. ಯಜಮಾನರೂ ಅವರ ಗೆಳೆಯರೂ ಜೀಪಿನ ಹತ್ತಿರ ನಿಂತು ನೋಡುತ್ತಿದ್ದರು. ಗಂಟೆಯ ಬೆಲ್ಟ್ ಕಟ್ಟಿ ಸಮ್ರಾಳನ್ನು ಬಿಟ್ಟೆ. ಗಾಳಿ ಅನುಕೂಲವಾಗಿಯೇ ಇತ್ತು. ಅದು ನೇರವಾಗಿ ತಗ್ಗಿಗೆ ಇಳಿಯಿತು. ಪೊದೆಯ ಹತ್ತಿರ ನಿಂತಿತು. ಆ ಮನುಷ್ಯನನ್ನು ನೋಡಿತು. ನೋಡಿ, ಕಲ್ಲೋ ಮಣ್ಣೋ ಇದ್ದಂತೆ ದಾಟಿಹೋಯಿತು. ದೊಡ್ಡ ಸುತ್ತು ಹಾಕಿ ಮೇಲೆ ಬಂದು, ಜೀಪುಗಳ ಹಿಂದೆ ನಿಂತಿದ್ದ ಪಿಕಪ್ಪಿನ ಮುಂದೆ ಕೂತು ಬೊಗಳತೊಡಗಿತು. ಒಳಗೆ ಲತೀಫರು ಕಬಾಬಿನ ಪಾತ್ರೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಎಲ್ಲರೂ ನಕ್ಕರು. ಯಜಮಾನರು ನಗಲಿಲ್ಲ. "ಖಲಾಸ್" ಎಂದಷ್ಟೇ ಹೇಳಿ ಜೀಪು ಹತ್ತಿದರು.

ಸಂಜೆ ಲತೀಫರು ಹೋಗಿ ಅವರಲ್ಲಿ ಏನೋ ಮಾತಾಡಿ ಬಂದರು. ಮಾರ್ಚ್ ಕೊನೆಯವರೆಗೆ ಅವಕಾಶ ಸಿಕ್ಕಿದೆ. "ಕಬಾಬಿನ ತಪ್ಪು ಅಂತ ಹೇಳಿದೆ ಮಾರಾಯ. ಆದರೆ ಪಾತ್ರೆಯ ಮುಚ್ಚಳ ಗಟ್ಟಿ ಇತ್ತು, ಅದು ನಂಗೂ ಗೊತ್ತುಂಟು, ನಿಂಗೂ ಗೊತ್ತುಂಟು" ಎಂದರು.

ಮ್ಯಾಗಿ ಒಂದು ಸೂಟ್‌ಕೇಸು ಕೆಳಗಿಳಿಸಿ ಧೂಳು ಒರೆಸಿದಳು. ಕೇಳಿದರೆ, ಸುಮ್ಮನೆ ಒರೆಸಿದ್ದು ಎಂದಳು. ಮತ್ತೆ ಮೇಲಿಟ್ಟಳು. ಎಲ್ಲಿ ತಪ್ಪಿತು ಎಂದು ನನಗೆ ತಿಳಿಯುತ್ತಿಲ್ಲ.

ಯಜ್ಞೇಶ

*

ಮಂಗಳೂರು
1 ಫೆಬ್ರವರಿ 1996

ಯಜ್ಞೇಶ ಅವರಿಗೆ,

ನಿಮ್ಮ ಮೂರು ಕಾಗದಗಳನ್ನೂ ಪಕ್ಕಪಕ್ಕ ಇಟ್ಟು ಓದಿದೆ. ಕಬಾಬಿನ ತಪ್ಪಲ್ಲ. ನಾಯಿಯ ತಪ್ಪೂ ಅಲ್ಲ.

ನೀವು ಅಡಗಿಸಿದವರು ಯಾರು? ಉಳ್ಳಾಲದ ಅಡುಗೆಯವರು, ನಜ್ಮಾದಲ್ಲಿರುವ ನಮ್ಮ ಊರಿನ ಹುಡುಗರು, ಮತ್ತು ಅವಳು. ಧರ್ಮ ಯಾವುದೇ ಇರಲಿ, ನಮ್ಮ ಕರಾವಳಿಯವರು ಎಲ್ಲಿಗೆ ಹೋದರೂ ತಲೆಗೆ ಹಚ್ಚುವುದು ಏನು? ಸಾಲದ್ದಕ್ಕೆ ಬೆಲ್ಟಿಗೂ ಅದನ್ನೇ ಹಚ್ಚಲು ನಾನು ಹೇಳಿದೆ. ಬೆಲ್ಟ್ ಕಟ್ಟಿದ ಕೂಡಲೇ ಅದರ ಮೂಗಿಗೆ ಆ ವಾಸನೆ, ಸಿಕ್ಕಿದವರ ತಲೆಯಲ್ಲೂ ಆ ವಾಸನೆ, ಕೂಡಲೇ ಮಾಂಸ. ನಿಮ್ಮ ನಾಯಿಗೆ ಈಗ ಮನುಷ್ಯ ಎಂದರೆ ತೆಂಗಿನೆಣ್ಣೆ. ಅರಬರು ಅದನ್ನು ಹಚ್ಚುವುದಿಲ್ಲವಾದ್ದರಿಂದ ಅವರು ಅದರ ಲೆಕ್ಕದಲ್ಲಿ ಮನುಷ್ಯರಲ್ಲ.

ಪರಿಹಾರ ಇದೆ. ಬೆಲ್ಟನ್ನು ಸಾಬೂನು ಹಾಕಿ ತೊಳೆಯಿರಿ. ಬೇರೆ ಬೇರೆ ದೇಶದವರನ್ನು, ಪಠಾಣ, ಈಜಿಪ್ಟಿನವರು, ಫಿಲಿಪ್ಪೀನಿನವರು, ಗಂಡಸು, ಹೆಂಗಸು, ಅತ್ತರು ಹಚ್ಚಿದವರು, ಸ್ನಾನ ಮಾಡದವರು, ಯಾರು ಸಿಕ್ಕಿದರೂ ಅಡಗಿಸಿ. ನಮ್ಮವರು ಸ್ವಲ್ಪ ಕಾಲ ಬೇಡ. ಮೊದಲು ಹತ್ತಿರ, ಸುಲಭದ ಜಾಗ. ಆಮೇಲೆ ದೂರ.

ಇನ್ನೊಂದು. ಅವಳು ಈಗಲೂ ತಲೆಗೆ ಎಣ್ಣೆ ಹಚ್ಚುತ್ತಾಳೋ? ತನಿಖೆಗೆ ಬೇಕಾದ್ದರಿಂದ ಕೇಳಿದ್ದು.

ಕಾಸ್ಮಿರ್ ಡಿಸೋಜ

*

ಮಂಗಳೂರು
10 ಫೆಬ್ರವರಿ 1996

ಮಗಾ ಯಜ್ಞೇಶ,

ನಾನು ಪರ್ಪೆಚುವಾ, ಮ್ಯಾಗಿಯ ಮಮ್ಮಿ. ಇವರು ಪೇಟೆಗೆ ಹೋದಾಗ ಬರೆಯುತ್ತಿದ್ದೇನೆ. ನನ್ನ ಅಕ್ಷರ ಚಂದ ಇಲ್ಲ, ನಗಬೇಡಿ.

ನಿಮ್ಮ ಕಾಗದ ಬಂದರೆ ಇವರು ಮೊದಲು ಜೋರಾಗಿ ನನಗೆ ಓದಿ ಹೇಳುತ್ತಾರೆ, "ನಾಯಿಯ ವಿಷಯ" ಎಂದು. ಆಮೇಲೆ ಅಂಗಳಕ್ಕೆ ಹೋಗಿ ಒಬ್ಬರೇ ಓದುತ್ತಾರೆ. ಸೂಟ್‌ಕೇಸು ಒರೆಸಿದ ಕಾಗದ ಬಂದ ದಿನ ಊಟ ಮಾಡಲಿಲ್ಲ. ಜಿಮ್ಮಿಗೆ ಹಾಕುವ ಅನ್ನವನ್ನೂ ಮರೆತರು. ಜಿಮ್ಮಿ ಇವರ ದಳದ ಹಳೆಯ ನಾಯಿ, ರಿಟೈರಾದ ಮೇಲೆ ನಮ್ಮಲ್ಲೇ ಉಂಟು.

ಆ ಎಣ್ಣೆ ಅಂಗಡಿಯದ್ದಲ್ಲ. ಕೊಬ್ಬರಿ ಒಣಗಿಸಿ, ಗಾಣಕ್ಕೆ ತಾವೇ ಹೊತ್ತುಕೊಂಡು ಹೋಗಿ, ಎದುರು ನಿಂತು ಮಾಡಿಸಿದ್ದು. ಮ್ಯಾಗಿಗೆ ಸಣ್ಣದಿರುವಾಗ ಬೇರೆ ಎಣ್ಣೆ ಹಚ್ಚಿದರೆ ತಲೆನೋವು ಬರುತ್ತಿತ್ತು. ಬೆಲ್ಟಿಗೆ ಹಚ್ಚಿ ಮುಗಿಸಬೇಡಿ.

ನಾನು ಬರೆದದ್ದು ಇವರಿಗೆ ತಿಳಿಸುವುದು ಬೇಡ. ದೇವರು ಒಳ್ಳೆಯದು ಮಾಡಲಿ.

ನಿಮ್ಮ ಮಾಯಿ (ಅತ್ತೆ)

*

ಅಲ್ ರಯ್ಯಾನ್
14 ಮಾರ್ಚ್ 1996

ಮಾನ್ಯರೇ,

ನೀವು ಹೇಳಿದ್ದು ಸರಿ. ನಿಮ್ಮ ಕಾಗದ ಓದಿ ಲತೀಫರು ತಮ್ಮ ತಲೆ ತಾವೇ ಮುಟ್ಟಿ ನೋಡಿಕೊಂಡರು. "ಹಾಗಾದರೆ ನಾನೆಂತ ಇಷ್ಟು ದಿನ ಕೊಡೆ ಹಿಡ್ಕೊಂಡು ಕೂತದ್ದು? ಒಂದು ಬಾಟ್ಲಿ ಇಟ್ಟಿದ್ರೆ ಸಾಕಿತ್ತಲ್ಲ" ಎಂದರು.

ರಂಜಾನ್ ತಿಂಗಳು ಹಗಲಿನಲ್ಲಿ ಯಾರನ್ನೂ ಬಿಸಿಲಿನಲ್ಲಿ ಅಡಗಿಸಲು ಆಗಲಿಲ್ಲ. ಈದ್ ಕಳೆದ ಮೇಲೆ ಜೋರಾಗಿ ಶುರು ಮಾಡಿದ್ದೇನೆ. ಪಕ್ಕದ ತೋಟದ ಪಠಾಣ ಕಾವಲುಗಾರ, ಈಜಿಪ್ಟಿನ ಎಲೆಕ್ಟ್ರಿಷಿಯನ್, ಇಬ್ಬರು ಫಿಲಿಪ್ಪೀನಿನ ಹೆಂಗಸರು ಬರುತ್ತಾರೆ. ಪಠಾಣನನ್ನು ಸಮ್ರಾ ಮೂರನೆಯ ದಿನವೇ ಒಪ್ಪಿಕೊಂಡಿತು. ಈಜಿಪ್ಟಿನವನ ಮುಂದೆ ಇನ್ನೂ ಅನುಮಾನದಿಂದ ನಿಂತು, ಬೊಗಳಲೋ ಬೇಡವೋ ಎಂದು ನನ್ನ ಮುಖ ನೋಡುತ್ತದೆ. ನಾನು ಬೇರೆ ಕಡೆ ನೋಡುತ್ತೇನೆ. ಕೊನೆಗೆ ಬೊಗಳುತ್ತದೆ. ಕಾಲಾವಕಾಶ ಸಾಲದೇ ಹೋಗಬಹುದು.

ತನಿಖೆಯ ಪ್ರಶ್ನೆಗೆ ಉತ್ತರ: ಹೌದು, ಹಚ್ಚುತ್ತಾಳೆ. ದಿನವೂ ಅಲ್ಲ, ವಾರಕ್ಕೊಮ್ಮೆ, ಸ್ವಲ್ಪವೇ, ಬೇಗ ಮುಗಿಯಬಾರದೆಂದು. ತಲೆನೋವು ಇಲ್ಲ.

ಈಗ ಆ ಬಾಟಲಿಗೆ ಇನ್ನೊಬ್ಬರು ಪಾಲುದಾರರಿದ್ದಾರೆ. ಬಾಬಾ ಕಬೀರ್‌ಗೆ ತಲೆಯ ಚರ್ಮ ಒಣಗಿ ತುರಿಕೆ. ಒಂದು ಸಂಜೆ ಅವಳು ಹತ್ತಿರ ಬಗ್ಗಿದಾಗ ಅವಳ ಕೂದಲಿನ ವಾಸನೆ ಹಿಡಿದು, ಹಿಂದಿಯಲ್ಲಿ "ಇದು ಬೊಂಬಾಯಿ" ಎಂದರಂತೆ. ಹುಡುಗನಾಗಿದ್ದಾಗ ಅವರು ತಂದೆಯ ಜೊತೆ ಮುತ್ತು ಮಾರಲು ಹಡಗಿನಲ್ಲಿ ಬೊಂಬಾಯಿಗೆ ಹೋಗುತ್ತಿದ್ದರು. ಅವತ್ತು ಗೇಟು ದಾಟಿ ಹೊರಟದ್ದೂ ಆ ಹಡಗು ಹತ್ತಲಿಕ್ಕೇ. ಮ್ಯಾಗಿ ಯಜಮಾನರ ಅನುಮತಿ ಕೇಳಿ ಅವರ ತಲೆಗೂ ಎಣ್ಣೆ ಹಚ್ಚತೊಡಗಿದ್ದಾಳೆ. ತುರಿಕೆ ಕಡಿಮೆಯಾಗಿದೆ. ಹಚ್ಚುವಾಗ ಅವರು ಕಣ್ಣು ಮುಚ್ಚಿ ಕೂರುತ್ತಾರೆ. ನಿಮ್ಮ ತಲೆಗೆ ಭಾನುವಾರ ಚರ್ಚಿನ ಪೂಜೆಯಿಂದ ಬಂದ ಮೇಲೆ ಅವಳೇ ಹಚ್ಚುತ್ತಿದ್ದಳು ಎಂದು ನನಗೆ ಮೊನ್ನೆ ಹೇಳಿದಳು.

ಯಜ್ಞೇಶ

*

ಅಲ್ ರಯ್ಯಾನ್
29 ಮಾರ್ಚ್ 1996

ಮಾನ್ಯರೇ,

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಮಂಗಳವಾರ ಮಧ್ಯಾಹ್ನ ಧೂಳಿನ ಗಾಳಿ ಎದ್ದಿತು. ಮ್ಯಾಗಿ ಮಹಡಿಯ ಕಿಟಕಿಗಳನ್ನು ಮುಚ್ಚಲು ಹೋಗಿದ್ದಳು. ಇಳಿದು ಬರುವಷ್ಟರಲ್ಲಿ ಬಾಬಾ ಕಬೀರ್ ಕುರ್ಚಿಯಲ್ಲಿ ಇರಲಿಲ್ಲ. ಗೇಟು ತೆರೆದಿತ್ತು. ಯಜಮಾನರು ಜೀಪುಗಳನ್ನು ರಸ್ತೆಯ ಎರಡೂ ದಿಕ್ಕಿಗೆ ಕಳಿಸಿದರು. ಹೊರಗೆ ಕೈ ಚಾಚಿದರೆ ಬೆರಳು ಕಾಣುತ್ತಿರಲಿಲ್ಲ. ಮ್ಯಾಗಿ ಅಳುತ್ತಿರಲಿಲ್ಲ. ಬೆಲ್ಟ್ ತಂದು ನನ್ನ ಕೈಗೆ ಕೊಟ್ಟಳು, "ಬಿಡಿ ಅದನ್ನು" ಎಂದಳು, ಅಷ್ಟೇ.

ಬಿಟ್ಟೆ. ನಾಯಿ ಕಾಣುತ್ತಿರಲಿಲ್ಲ. ಗಂಟೆಯ ಸದ್ದು ಹಿಡಿದು ಹಿಂದೆ ಓಡಿದೆ. ಸ್ವಲ್ಪ ಹೊತ್ತಿನಲ್ಲಿ ಗಂಟೆಯೂ ಕೇಳಿಸದಾಯಿತು. ಕೂಗಬೇಡಿ ಎಂದು ನೀವು ಬರೆದದ್ದು ನೆನಪಿತ್ತು. ಕೂಗಲಿಲ್ಲ. ಅಷ್ಟು ಕಷ್ಟದ ಕೆಲಸ ನಾನು ಬೇರೆ ಮಾಡಿಲ್ಲ.

ಆಮೇಲೆ ಗಂಟೆ ನನ್ನ ಕಡೆಗೇ ಬಂತು. ಸಮ್ರಾ ನನ್ನ ಮುಂದೆ ಕೂತು ತಲೆ ಎತ್ತಿತು. ಬಾಯಲ್ಲಿ ಬಾಬಾ ಕಬೀರರ ಒಂದು ಕಾಲಿನ ಚಪ್ಪಲಿ. ಹಲ್ಲು ತಾಗಿಸದೆ, ಹಕ್ಕಿಯನ್ನು ಕೊಡುವಂತೆ, ನನ್ನ ಕೈಗೆ ಕೊಟ್ಟಿತು. ಕೊಟ್ಟು ತಿರುಗಿ ಹೊರಟಿತು. ಈ ಸಲ ಗಂಟೆ ದೂರವಾದಾಗ ನಿಂತು ನನಗಾಗಿ ಕಾಯುತ್ತಿತ್ತು.

ಅವರು ಒಂದು ಹಳೆಯ ಗೋಡೆಯ ಮರೆಯಲ್ಲಿ ಕೂತಿದ್ದರು. ತಲೆಯ ಬಟ್ಟೆ ಹಾರಿಹೋಗಿತ್ತು. ಸಮ್ರಾ ಅವರಿಂದ ಒಂದು ಮಾರು ದೂರ ಕೂತು ಬೊಗಳಿತು. ಅವರು ನನ್ನನ್ನು ನೋಡಿ, "ಹಡಗು ತಡವಾಯಿತು" ಎಂದರು. ಬೆನ್ನ ಮೇಲೆ ಹೊತ್ತು ತಂದೆ. ಆರೋಗ್ಯವಾಗಿದ್ದಾರೆ.

ಮನೆಗೆ ಬಂದ ಮೇಲೆ ಅವರಿಗೆ ಚಪ್ಪಲಿಯ ವಿಷಯ ತಿಳಿಯಿತು. ನಾಯಿಯ ಬಾಯಿ ತಾಗಿದ್ದನ್ನು ಹಾಕುವುದಿಲ್ಲ ಎಂದು ಹಟ ಹಿಡಿದರು. ಲತೀಫರು ಹಿತ್ತಲಲ್ಲಿ ಕೂತು ಮಣ್ಣು ಹಾಕಿ ಏಳು ಸಲ ತೊಳೆದರು. "ನನ್ನ ಲುಂಗಿ ತೊಳ್ದದ್ದೂ ನಾನೇ, ಇವರ ಚಪ್ಪಲಿ ತೊಳ್ಯೂದೂ ನಾನೇ. ಯಲ್ಲಾ, ನಾಯಿಗೆ ಎಂತ, ಅದು ಮಾಂಸ ತಿಂದು ಮಲಗಿದೆ" ಎನ್ನುತ್ತ ತೊಳೆದರು. ಆದರೆ ಆ ರಾತ್ರಿ ಸಮ್ರಾಳ ತಟ್ಟೆಗೆ ಕಬಾಬು ಹಾಕಿದವರು ಅವರೇ.

ಯಜಮಾನರು ಇಂಗ್ಲೆಂಡಿನ ಮಾತು ಬಿಟ್ಟಿದ್ದಾರೆ. ನನ್ನ ವೀಸಾ ನವೀಕರಿಸಲು ಪಾಸ್‌ಪೋರ್ಟ್ ತೆಗೆದುಕೊಂಡು ಹೋದರು. ಆಗಸ್ಟಿನಲ್ಲಿ ನಮ್ಮಿಬ್ಬರಿಗೂ ಒಂದು ತಿಂಗಳ ರಜೆ ಕೊಟ್ಟಿದ್ದಾರೆ. ಎಲ್ಲಿಗೆ ಹೋಗುವುದು ಎಂದು ನಾವು ಇನ್ನೂ ಮಾತಾಡಿಲ್ಲ.

ಅವರನ್ನು ಸಮ್ರಾ ಹುಡುಕಿದ್ದು ತೆಂಗಿನೆಣ್ಣೆಯಿಂದ ಎಂದು ನಾನು ತಿಳಿದಿದ್ದೇನೆ. ಹಿಂದಿನ ಸಂಜೆ ಮ್ಯಾಗಿ ಹಚ್ಚಿದ್ದಳು. ನಿಮ್ಮ ಎಣ್ಣೆ.

ಯಜ್ಞೇಶ

*

ಮಂಗಳೂರು
15 ಏಪ್ರಿಲ್ 1996

ಪ್ರೀತಿಯ ಅಳಿಯ ಯಜ್ಞೇಶನಿಗೆ,

ನಿನ್ನ ಕಾಗದ ಈಸ್ಟರ್ ಕಳೆದು ಎರಡನೆಯ ದಿನ ಬಂತು. ಪರ್ಪೆಚುವಾ ಅದನ್ನು ಓದಿಸಿ, ಮತ್ತೆ ಓದಿಸಿ, ಪಕ್ಕದ ಮನೆಯವರಿಗೂ ಓದಿಸಿದ್ದಾಳೆ.

ಎಣ್ಣೆಯಿಂದ ಎಂಬ ನಿನ್ನ ಅಭಿಪ್ರಾಯವನ್ನು ನಾನು ಒಪ್ಪುವುದಿಲ್ಲ. ತಿಂಗಳಿಡೀ ಬೇರೆ ಬೇರೆ ಜನರ ಮೇಲೆ ನೀನು ಮಾಡಿದ ಅಭ್ಯಾಸದಿಂದ ಹುಡುಕಿತು ಎಂದು ನನ್ನ ಅಭಿಪ್ರಾಯ. ಆದರೆ ಯಾವುದಕ್ಕೂ ಆಧಾರವಿಲ್ಲ. ನಾಯಿ ಹೇಳಿಕೆ ಕೊಡುವುದಿಲ್ಲ. ಬಂದಾಗ ಕೂತು ಚರ್ಚಿಸೋಣ.

ಎರಡು ಕೆಲಸ ಬೆರೆಸಬಾರದು ಎಂದು ನಾನು ಬರೆದಿದ್ದೆ. ನಾಯಿ ಬೆರೆಸಿತು. ಬೊಗಳಿದರೆ ಗಾಳಿಯಲ್ಲಿ ನಿನಗೆ ಕೇಳಿಸದೆಂದು ಅದಕ್ಕೆ ಗೊತ್ತಾಗಿರಬೇಕು. ಬೈಯಬೇಡ. ಇನ್ನು ಮುಂದೆ ಹಾಗೆಯೇ ಇರಲಿ.

ಇಗ್ನೇಶಿಯಸ್ ಮುಂದಿನ ವಾರ ಮತ್ತೆ ಅಲ್ಲಿಗೆ ಬರುತ್ತಾನೆ. ಎರಡು ಬಾಟಲಿ ಕಳಿಸುತ್ತಿದ್ದೇನೆ. ಒಂದು ಆ ಹಿರಿಯರಿಗೆ. ಇನ್ನೊಂದು ಮ್ಯಾಗಿಗೆ, ವಾರಕ್ಕೊಮ್ಮೆ ಅಲ್ಲ, ದಿನವೂ ಹಚ್ಚಲಿ, ಮುಗಿದರೆ ಮತ್ತೆ ಮಾಡಿಸುತ್ತೇನೆ. ಬೆಲ್ಟಿಗೆ ಬೇಡ.

ಆಗಸ್ಟಿನಲ್ಲಿ ಎಲ್ಲಿಗೆ ಹೋಗುವುದು ಎಂದು ನೀವು ಮಾತಾಡುವ ಅಗತ್ಯವಿಲ್ಲ. ಆದರೆ ಒಂದು ಕೆಲಸ ಬಾಕಿ ಇದೆ. ನಮ್ಮ ಜಿಮ್ಮಿಗೆ ಈಗ ಕಣ್ಣು ಮಂದ, ಮೂಗು ಮಾತ್ರ ಸರಿ ಇದೆ. ಗುರುತಿಲ್ಲದವರು ಗೇಟು ದಾಟಿದರೆ ಹಿಡಿಯುತ್ತದೆ. ಆದ್ದರಿಂದ ನೀನು ಹಾಕಿ ಬಿಟ್ಟ ಒಂದು ಅಂಗಿಯನ್ನು ಒಗೆಯದೆ, ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ ಇಗ್ನೇಶಿಯಸ್ ವಾಪಸು ಬರುವಾಗ ಕಳಿಸು. ಆಗಸ್ಟಿನವರೆಗೆ ಅದರ ಹತ್ತಿರ ಇಡುತ್ತೇನೆ. ಮನೆಯವನು ಎಂದು ಅದಕ್ಕೆ ತಿಳಿಯಲಿ.

ಮ್ಯಾಗಿಯದು ಬೇಡ. ನರ್ಸಿಂಗ್ ಓದುವಾಗ ಅವಳು ಹೊದೆಯುತ್ತಿದ್ದ ಹೊದಿಕೆಯ ಮೇಲೆಯೇ ಜಿಮ್ಮಿ ಮಲಗುವುದು. ನಾಯಿಗೆ ಮರೆತುಹೋಗಬಾರದೆಂದು ಅದನ್ನು ನಾನು ಈವರೆಗೆ ಒಗೆಯಲು ಕೊಟ್ಟಿಲ್ಲ.

ನಿನ್ನ ಮಾವ,
ಕಾಸ್ಮಿರ್